ಕಡಲ ಬಂಗಲೆಯ ಹೊಸ್ತಿಲು

ಚಾಮರಾಜಪೇಟೆ, ಬೆಂಗಳೂರು
12 ಮಾರ್ಚ್ 1998

ಪ್ರೀತಿಯ ತಂಗಿ ಹಂಸಾಳಿಗೆ ಅಣ್ಣನ ಆಶೀರ್ವಾದಗಳು.

ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಯಾವ ವಿಳಾಸಕ್ಕೆ ಹಾಕಲಿ ಎಂಬ ಯೋಚನೆಯಲ್ಲೇ ದಿನ ಕಳೆಯಿತು. ದಾವಣಗೆರೆಗೆ ಫೋನ್ ಮಾಡಿದಾಗಲೆಲ್ಲ ನಿನ್ನ ಯಜಮಾನರು, "ಪೂಜೆಗೆ ಕೂತಿದಾಳೆ" ಎನ್ನುತ್ತಾರೆ. ಬೆಳಿಗ್ಗೆಯೂ ಪೂಜೆ, ಮಧ್ಯಾಹ್ನವೂ ಪೂಜೆ. ಇರಲಿ.

ಈಗ ಬರೆಯುವ ಕಥೆಯನ್ನು ಮೊದಲು ಹೇಳಿದವರು ಸೋದರತ್ತೆ ವಿಶಾಲಾಕ್ಷಮ್ಮ, ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಿ ಬಂದ ಸಂಜೆ, ನಮ್ಮ ಪಡಸಾಲೆಯಲ್ಲಿ. ದಾರಿಯಲ್ಲಿ ಕಡಲ ಬಂಗಲೆಗಳ ಬೀದಿಗೂ ಹೋಗಿದ್ದರಂತೆ. ಅಜ್ಜನ ಕಾಲದ ಪೇಟೆ ವರ್ತಕರು ಬೇಸಿಗೆಗೆಂದು ಪೈಪೋಟಿಯಲ್ಲಿ ಕಟ್ಟಿಸಿದ ಮನೆಗಳು, ನಮ್ಮ ಅಜ್ಜನದೂ ಅದರಲ್ಲೊಂದು. ಒಬ್ಬರು ಮಹಡಿ ಎಬ್ಬಿಸಿದರೆ ಪಕ್ಕದವರು ಗೋಪುರ ಎಬ್ಬಿಸಿದರು. ಈಗ ಎಲ್ಲಕ್ಕೂ ಬೀಗ, ಬೀಗಕ್ಕೆಲ್ಲ ತುಕ್ಕು.

"ನಮ್ಮ ಬೀಗಕ್ಕೆ ಮಾತ್ರ ಯಾರೋ ಎಣ್ಣೆ ಬಿಟ್ಟಿದಾರೆ ಕಣೋ," ಎಂದರು ಅತ್ತೆ. "ಹೊಸ್ತಿಲಿಗೆ ವಿಭೂತಿ ಬೇರೆ."

"ಕಾವಲಿನ ದಾಸಪ್ಪಂದೇ ಕೆಲ್ಸ," ಎಂದ ತಮ್ಮ ಪ್ರಭುದೇವ. "ಬಾಡಿಗೆಗೆ ಬಿಟ್ಟಿದಾನೆ."

ನಿನ್ನ ಅತ್ತಿಗೆ ನಕ್ಕಳು. "ಅವನು ನಾಮ ಹಾಕೋನು, ವಿಭೂತಿ ಯಾಕೆ ಬಳೀತಾನೆ? ಕೀ ಇರೋದು ನಿಮ್ಮಿಬ್ಬರ ಹತ್ರ."

ಪ್ರಭು ನನ್ನನ್ನು ನೋಡಿದ, ನಾನು ಅವನನ್ನು. ಇವನೇ ಗುಟ್ಟಾಗಿ ಬಂಗಲೆ ಮಾರಲು ಹೊರಟಿದ್ದಾನೆ ಎಂದು ಇಬ್ಬರ ಮನಸ್ಸಿನಲ್ಲೂ ಒಂದೇ ಮಾತು. ಕಾಫಿ ಆರಿತು.

"ಕಡಲಗಾಳಿಗೆ ವಿಭೂತಿ ನಿಂತಿತ್ತಾ ಅತ್ತೆ?" ಎಂದು ಕೇಳಿದೆ.

"ಹಾಲಲ್ಲಿ ಕಲಸಿ ಬಳಿದಿದ್ರಪ್ಪ. ಉಗುರಲ್ಲಿ ಕೆರೆದ್ರೂ ಬರ್ಲಿಲ್ಲ."

ನಾನು ಆರಿದ ಕಾಫಿ ಕುಡಿದು ಎದ್ದೆ. ಆರೋಗ್ಯ ನೋಡಿಕೋ. ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ಇಂತು ನಿನ್ನ ಅಣ್ಣ,
ಪರಮಶಿವಯ್ಯ

ಮರೆತ ಮಾತು: ಹಾಲಲ್ಲಿ ಕಲಸುವುದು ಅಮ್ಮನ ರೂಢಿ, ಅವಳು ಕಲಿಸಿದ್ದು ನಿನಗೊಬ್ಬಳಿಗೆ. ಅವಳ ಕೀಗೊಂಚಲು, ಬಂಗಲೆಯ ಕೀ ಸಮೇತ, ನಿನ್ನ ಬಳಿಯೇ ಇದೆ. ಅದಕ್ಕೇ ಈ ಕಾಗದವನ್ನು ದಾವಣಗೆರೆಗೆ ಹಾಕುತ್ತಿಲ್ಲ, ಬಂಗಲೆಗೇ ಹಾಕುತ್ತಿದ್ದೇನೆ. ಗಂಡನ ಮನೆ ಯಾಕೆ ಬಿಟ್ಟೆ ಎಂದು ಕೇಳುವುದಿಲ್ಲ. ತುಕ್ಕು ಹಿಡಿದ ಬೀಗವನ್ನು ನಂಬಿದವಳು ಅಣ್ಣನ ಬಾಗಿಲನ್ನು ನಂಬಲಿಲ್ಲವಲ್ಲ, ಅದೊಂದೇ ನೋವು.

ಅತ್ತೆ ಇದನ್ನೆಲ್ಲ ಹೇಳಿದ ಮರುದಿನ ಬೆಳಿಗ್ಗೆ ಪ್ರಭು ಬಂಗಲೆಗೆಂದು ಹೊಸ ಬೀಗ ತಂದ. ಆಗ ಎಲ್ಲ ಹೇಳಿದೆ. ಅವನು ಬೀಗವನ್ನು ಜಗಲಿಯ ಮೇಲೇ ಬಿಟ್ಟ. ಅತ್ತೆ ನಿನಗೆಂದು ಬೀದಿಕಡೆಯ ಕೋಣೆ ಗುಡಿಸಿದರು. ನಿನ್ನ ಅತ್ತಿಗೆ ಹಾಲಲ್ಲಿ ವಿಭೂತಿ ಕಲಸಿ ಅದರ ಹೊಸ್ತಿಲಿಗೆ ಬಳಿದಳು. ನಮ್ಮ ಬೀದಿಯಲ್ಲಿ ಕಡಲಿನಂಥ ಗಾಳಿಯೇನೂ ಬೀಸುವುದಿಲ್ಲ.