ಆಮೆಯಜ್ಜಿಯ ನಡಿಗೆ

ಮಂಗಳವಾರ, ಮಾರ್ಚ್ ೧೧

ಅಕ್ಕಾ,

ತಂಗಿಯ ನಮಸ್ಕಾರ. ನೀನು ಎರಡು ಕಾಗದ ಬರೆದರೂ ನಾಲ್ಕು ತಿಂಗಳು ಉತ್ತರ ಕೊಡಲಿಲ್ಲ, ಬಯ್ದುಕೋ. ಕೆಲಸ ಜಾಸ್ತಿ ಎಂದು ನೆಪ ಹೇಳಿದರೆ ದೇವರು ಮೆಚ್ಚುವುದಿಲ್ಲ. ಬರೆಯಲು ಧೈರ್ಯ ಬರಲಿಲ್ಲ, ಅಷ್ಟೇ. ಈಗ ಬರೆಯಲೇಬೇಕಾಗಿದೆ, ಈ ತಿಂಗಳು ಮುಗಿಯುವುದರೊಳಗೆ ನಿನ್ನದೊಂದು ಒಪ್ಪಿಗೆ ಬೇಕು. ಕೊಡುವುದೂ ಬಿಡುವುದೂ ನಿನ್ನಿಷ್ಟ. ಆದರೆ ಕಾಗದ ಪೂರ್ತಿ ಓದಿ ಆಮೇಲೆ ಹೇಳು.

ನಮ್ಮಿಬ್ಬರನ್ನೂ ಸಾಕಿದ ನಾಟಕ ಕಂಪನಿ ಮುಚ್ಚಿದ ಮೇಲೆ ನಾನು ಈ ಮಕ್ಕಳ ಕಾರ್ಟೂನ್ ಮಾಡುವ ಆಫೀಸು ಸೇರಿದಾಗ ನೀನು ನಕ್ಕಿದ್ದೆ. "ಮೂವತ್ತು ವರ್ಷ ಬಣ್ಣ ಹಚ್ಕೊಂಡೋಳು, ಈಗ ಬಣ್ಣದ ಗೊಂಬೆ ಹಿಂದೆ ಬಚ್ಚಿಟ್ಕೋತೀಯೇನೇ?" ಎಂದಿದ್ದೆ. ಮೊದಮೊದಲು ನನಗೂ ಹಾಗೇ ಅನಿಸಿತ್ತು. ಮೂರನೇ ಮಹಡಿಯಲ್ಲಿ ಉದ್ದನೆಯ ಕೋಣೆ, ಸಾಲಾಗಿ ಕಂಪ್ಯೂಟರು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತ ಹುಡುಗ ಹುಡುಗಿಯರು. ಕೂಗಿದರೂ ಕೇಳುವುದಿಲ್ಲ, ಹೆಗಲು ತಟ್ಟಬೇಕು. ಅವರ ಮಧ್ಯೆ ನನ್ನ ಕೆಲಸವೆಂದರೆ ನಡೆಯುವುದು. ನಗಬೇಡ. ಕಥೆಯೊಳಗಿನ ಪ್ರಾಣಿ ಹೇಗೆ ನಡೆಯಬೇಕು, ಹೇಗೆ ಕೂರಬೇಕು, ಸಿಟ್ಟು ಬಂದರೆ ಏನು ಮಾಡಬೇಕು ಎಂದು ಯೋಚಿಸಿ ನಾನು ಕ್ಯಾಮೆರಾ ಮುಂದೆ ಮಾಡಿ ತೋರಿಸುತ್ತೇನೆ. ಅದನ್ನು ನೋಡಿಕೊಂಡು ಅವರು ಒಂದು ಹೆಜ್ಜೆಗೆ ಹನ್ನೆರಡು ಚಿತ್ರ ಬರೆಯುತ್ತಾರೆ. ಇಲ್ಲಿಯವರೆಗೆ ಕೊಕ್ಕರೆ ಆಗಿದ್ದೇನೆ, ಇಲಿ ಆಗಿದ್ದೇನೆ, ಒಂದು ಸೋಮಾರಿ ಕರಡಿಯೂ ಆಗಿದ್ದೇನೆ. ಕರಡಿಗೆ ನಮ್ಮ ಕಂಪನಿ ಯಜಮಾನರು ಊಟ ಮಾಡಿ ಏಳುತ್ತಿದ್ದ ರೀತಿ ಹಾಕಿದೆ. ಚೆನ್ನಾಗಿ ಒಪ್ಪಿತು.

ಈ ಸಲದ ಕಥೆಗೆ ಆಮೆಯಜ್ಜಿಯೇ ಮುಖ್ಯ. ಒಂದು ವಾರ ನಡೆದೆ. ಚಿತ್ರ ಬರೆಯುವ ಹುಡುಗಿ, ದಪ್ಪ ಕನ್ನಡಕದವಳು, ತಲೆ ಕೆರೆದುಕೊಳ್ಳುತ್ತ ಬಂದಳು.

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ನೀವು ಎತ್ಲಾಗ್ ಹೋದ್ರೂ ಮುಖ ಮಾತ್ರ ಕ್ಯಾಮೆರಾ ಕಡೇನೇ ಇರತ್ತೆ."

"ಇರ್ದೇ ಇನ್ನೇನು? ನೋಡೋ ಜನಕ್ಕೆ ಬೆನ್ನು ತೋರಿಸ್ಬಾರ್ದು ಕಣಮ್ಮ. ನಮಗೆ ಹೇಳ್ಕೊಟ್ಟ ಮೊದಲ್ನೇ ಪಾಠ."

"ಅಯ್ಯೋ ಅಮ್ಮಾ, ಆಮೆ ಅಂದ್ರೇನೇ ಬೆನ್ನು! ನಾನೇನ್ ಬರೀಲಿ?"

ಕೋಣೆಗೆ ಕೋಣೆಯೇ ಗೊಳ್ಳೆಂದಿತು. ನಿರ್ದೇಶಕಿಯೂ ನಕ್ಕಳು. ವಯಸ್ಸಿನಲ್ಲಿ ನನ್ನ ಮಗಳಂಥವಳು. "ಇಲ್ಲಿ ಯಾರೂ ಟಿಕೆಟ್ ತಗೊಂಡ್ ಕೂತಿಲ್ಲಮ್ಮ. ನಮ್ಮನ್ನೆಲ್ಲ ಮರೆತು, ಆ ಬಾಗಿಲ ತನಕ ಸುಮ್ನೆ ಹೋಗ್ಬಿಡಿ" ಎಂದಳು.

ಕಾಲು ಕೊಟ್ಟವನು ನೀನೇ, ನಡೆಸು ಎಂದು ದೇವರನ್ನು ಬೇಡಿಕೊಂಡು ತಿರುಗಿದೆ. ಅಕ್ಕಾ, ಕಾಲು ತಾನಾಗಿ ನಿನ್ನ ಹಾಗೆ ನಡೆಯಿತು. ಬಿದ್ದ ಮೇಲೆ ನಿನಗೆ ಬಂತಲ್ಲ, ಆ ನಡಿಗೆ. ಕಂಪನಿ ಬಿಟ್ಟ ದಿನ ನೀನು ಬಾಗಿಲಿನಿಂದ ಕಾರಿನವರೆಗೆ ಹಿಂದೆ ನೋಡದೆ ಹೋದೆ. ಎಡಗಾಲು ಎಳೆಯುತ್ತಿತ್ತು, ಬಲಭುಜ ಒಂದಿಷ್ಟು ಮೇಲೇಳುತ್ತಿತ್ತು, ಕತ್ತು ಮಾತ್ರ ರಾಣಿಯ ಪಾತ್ರದಲ್ಲಿದ್ದ ಹಾಗೆಯೇ ನೆಟ್ಟಗಿತ್ತು. ನಾನು ಬಾಗಿಲು ಮುಟ್ಟಿ ತಿರುಗಿ ನೋಡಿದರೆ ಒಬ್ಬರೂ ನಗುತ್ತಿರಲಿಲ್ಲ.

"ಇವಳೇ," ಎಂದಳು ನಿರ್ದೇಶಕಿ. "ಇವಳೇ ನಮ್ಮಜ್ಜಿ."

ಯಾರ ನಡಿಗೆ ಎಂದು ನಾನು ಬಾಯಿ ಬಿಡಲಿಲ್ಲ. ಮೂರು ತಿಂಗಳು ಕೂತು ಬರೆದರು. ಹೋದ ಶನಿವಾರ ಪಕ್ಕದ ಶಾಲೆಯ ನಲವತ್ತು ಮಕ್ಕಳನ್ನು ಕರೆಸಿ ತೋರಿಸಿದರು. ಮುಗಿದದ್ದೇ ತಡ, ಎಲ್ಲವೂ ಎದ್ದು, ಎಡಗಾಲು ಎಳೆದುಕೊಂಡು, ಕೇಕೆ ಹಾಕುತ್ತ ಕೋಣೆ ತುಂಬ ನಡೆದವು. ನಾನು ಕನ್ನಡಕದವಳ ತೋಳು ಹಿಡಿದೆಳೆದೆ.

"ಅಣಕಿಸ್ತಿದಾವೆ ಕಣೇ," ಎಂದೆ.

"ಇಲ್ಲಮ್ಮ, ಎಲ್ಲಾರ್ಗೂ ತಾವೇ ಅಜ್ಜಿ ಆಗ್ಬೇಕಂತೆ. ಅಲ್ನೋಡಿ, ಅದಕ್ಕೇ ಜಗಳ," ಎಂದಳು ಕನ್ನಡಕದವಳು.

ಇದ್ದರೂ ಇರಬಹುದು. ಅವಳು ಕಂಡದ್ದು ಸರಿಯೋ ನಾನು ಕಂಡದ್ದು ಸರಿಯೋ, ಎರಡು ದಿನ ಪ್ರಾರ್ಥನೆಗೆ ಕೂತರೂ ತಿಳಿಯಲಿಲ್ಲ. ಕಾಲು ನಿನ್ನದು, ಹೇಳಬೇಕಾದವಳೂ ನೀನೇ. ನಿನ್ನೆ ನಿರ್ದೇಶಕಿಯ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು. "ತಿಂಗಳ ಕೊನೇಲಿ ಚಿತ್ರ ಕಳಿಸ್ಬೇಕು. ಅವ್ರು ಬೇಡ ಅಂದ್ರೆ ತಡ ಆಗತ್ತೆ, ಆಗ್ಲಿ, ಹೊಸದಾಗಿ ಬರೀತೀವಿ. ಆದ್ರೆ ಅಮ್ಮಾ, ಇದನ್ನ ನೀವು ಮೊದ್ಲೇ ಕೇಳ್ಬೇಕಿತ್ತು" ಎಂದಳು. ತಲೆ ತಗ್ಗಿಸಿದೆ. ಬೇರೆ ಬರೆಯಬೇಕಾಗಿ ಬಂದರೆ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಆ ಯೋಚನೆ ನಿನಗೆ ಬೇಡ. ನಿನಗೆ ನೋವಾಗುವುದಾದರೆ ಬೇಡ ಎಂದು ಒಂದು ಸಾಲು ಬರೆ, ಸಾಕು.

ಸೊಸೆಗೆ ನಾನು ಕೇಳಿದೆನೆಂದು ಹೇಳು. ಮೊಮ್ಮಕ್ಕಳಿಗೆ ಈ ಚಿಕ್ಕಜ್ಜಿಯ ಆಶೀರ್ವಾದ. ದೇವರು ಅವರ ಕೈಕಾಲು ಗಟ್ಟಿಯಾಗಿಡಲಿ, ನಿನ್ನನ್ನು ಅವರ ನಡುವೆ ನೂರು ಕಾಲ ಇಟ್ಟಿರಲಿ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಇಷ್ಟು ಬರೆಯಲು ನಾಲ್ಕು ತಿಂಗಳು ಬೇಕಿರಲಿಲ್ಲ. ಈಗ ಹೇಳುವ ಮಾತಿಗೆ ಬೇಕಾಯಿತು. ಹನ್ನೆರಡು ವರ್ಷದ ಹಿಂದೆ ರಂಗದ ಹಿಂದಿನಿಂದ ಇಳಿಯುವಾಗ ಕಾಲಿಡುವ ಮರದ ಪೆಟ್ಟಿಗೆ ಅಲ್ಲಿರದೆ ನೀನು ಬಿದ್ದೆ. ಬಡಗಿ ಮರೆತನೆಂದು ಎಲ್ಲರೂ ಅವನನ್ನು ಬಯ್ದರು, ಯಜಮಾನರು ಕೆಲಸದಿಂದ ತೆಗೆದರು. ಪೆಟ್ಟಿಗೆ ಎಳೆದುಕೊಂಡವಳು ನಾನು. ನಿನ್ನ ಕೊನೆಯ ದೃಶ್ಯವನ್ನು ಪರದೆಯ ಸಂದಿಯಿಂದ ನೋಡಬೇಕಿತ್ತು, ಎತ್ತರ ಸಾಲಲಿಲ್ಲ, ಅದರ ಮೇಲೆ ನಿಂತೆ. ಚಪ್ಪಾಳೆ ಬಿತ್ತು. ನಿನಗೆ ಬಿದ್ದ ಚಪ್ಪಾಳೆ ಕೇಳುತ್ತ ನಿಂತೇ ಇದ್ದೆ. ಬೇಕೆಂದು ಮಾಡಲಿಲ್ಲ ಅಕ್ಕಾ, ದೇವರ ಮುಂದೆ ಕೂತು ಬರೆಯುತ್ತಿದ್ದೇನೆ. ಆದರೆ ಮರುವಾರ ನಿನ್ನ ರಾಣಿಯ ಪಾತ್ರ ನನಗೆ ಕೊಟ್ಟಾಗ ಸುಮ್ಮನೆ ತೆಗೆದುಕೊಂಡೆನಲ್ಲ, ಅದು ಬೇಕೆಂದೇ ಮಾಡಿದ್ದು. ಆ ಬಡಗಿ ಎಲ್ಲಿದ್ದಾನೆಂದು ವಿಚಾರಿಸುತ್ತಿದ್ದೇನೆ. ನೀನು ನಿನ್ನ ಒಳ್ಳೆಯತನದಿಂದ ಆಮೆಯ ಮಾತಿಗಷ್ಟೇ ಉತ್ತರ ಬರೆದು, ಇದನ್ನು ಓದಲೇ ಇಲ್ಲವೆನ್ನುವ ಹಾಗೆ ಇದ್ದುಬಿಡಬೇಡ.