ಹದ ಮಾಡಿದ ನೀರು

ಬಂಡೆಹಟ್ಟಿ
ಹಿಂಬೇಸಿಗೆಯ ಎರಡನೆಯ ತಿಂಗಳು, ಮೂವತ್ತಾರನೆಯ ತಾರೀಕು, ಕ್ರಿ.ಶ. ೨೨೧೯

ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರಿಗೂ ಅವರ ಮನೆಯವರಿಗೂ ದುರುಗಮ್ಮನ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ, ಬರೆದದ್ದು ಸರಿಯಾಗಿಯೇ ಇದೆ. ನಿಮಗೆ ಮುಂಗಾರು, ಹಿಂಗಾರು ಇದ್ದ ಹಾಗೆ ನಮಗೆ ಮುಂಬೇಸಿಗೆ, ಹಿಂಬೇಸಿಗೆ ಎಂದು ಎರಡಿವೆ. ನಡುವೆ ಒಂದಿಷ್ಟು ಮಳೆ ಬರುತ್ತದೆ. ತಿಂಗಳುಗಳನ್ನೂ ಬಿಸಿಲಿಗೆ ತಕ್ಕಂತೆ ಹಿಗ್ಗಿಸಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳು ನಿಮಗೆ ಹೊಸದಾಗಿ ಕೇಳಿಸಬಹುದು, ಇನ್ನು ಕೆಲವು ಅಸಹ್ಯವಾಗಿಯೂ ಕೇಳಿಸಬಹುದು. ಎರಡಕ್ಕೂ ಕ್ಷಮೆ ಇರಲಿ. ಹಿಂದಿನ ಕಾಲಕ್ಕೆ ಕಾಗದ ಕಳಿಸುವ ಸರದಿ ಒಂದೊಂದು ಊರಿಗೆ ಒಂದೊಂದು ವರ್ಷ ಬರುತ್ತದೆ, ಈ ವರ್ಷ ನಮ್ಮ ಹಟ್ಟಿಗೆ ಬಂತು. ಕಾಗದ ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ, ಅದು ನನ್ನ ತಲೆಗೆ ಹತ್ತುವ ವಿದ್ಯೆಯಲ್ಲ. ನಕ್ಷತ್ರಗಳ ಬಗ್ಗೆ ಬರೆ, ನಮ್ಮ ಹೊಸ ಪದ್ಯಗಳ ಬಗ್ಗೆ ಬರೆ ಎಂದು ಹಿರಿಯರು ಹೇಳಿದರು. ಹೂಂ ಎಂದು ತಲೆಯಾಡಿಸಿ ಬಂದೆ. ನನಗೆ ಗೊತ್ತಿರುವುದು ನೀರು ಮತ್ತು ಮಲ, ಎರಡೇ. ಅದನ್ನೇ ಬರೆಯುತ್ತೇನೆ.

ನಾನು ಇಲ್ಲಿಯ ನೀರ್ಗಾವಲಿನವಳು. ಹೊಂಡದ ನೀರನ್ನೂ ಜನರ ಹೊಟ್ಟೆಯನ್ನೂ ಕಾಯುವುದು ನನ್ನ ಕೆಲಸ. ಹಟ್ಟಿ ಇರುವುದು ಬಂಡೆಗಳ ನಡುವೆ, ಬಂಡೆಗಳ ಮಧ್ಯದಲ್ಲಿ ಹೊಂಡ. ಹೊಂಡದಲ್ಲಿರುವುದು ಮರುನೀರು, ಅಂದರೆ ಒಮ್ಮೆ ನಾವೇ ಬಳಸಿ ಬಿಟ್ಟು, ಮರಳಿನಲ್ಲಿ ಸೋಸಿ, ಮದ್ದು ಹಾಕಿ ಮತ್ತೆ ನಾವೇ ಕುಡಿಯುವ ನೀರು. ನೀವು ಮೂಗು ಮುಚ್ಚಿಕೊಂಡಿರಿ ಎಂದು ನನಗೆ ಗೊತ್ತು. ಮುಚ್ಚಿಕೊಳ್ಳಿ, ನಮಗೆ ಅಭ್ಯಾಸವಾಗಿದೆ. ಬೆಳಗಾದರೆ ಮನೆಮನೆಯ ಮಾಳಿಗೆಯ ಮೇಲೆ ಬಿಸಿಲೊಲೆ ಬಿಚ್ಚುತ್ತಾರೆ. ಕನ್ನಡಿಯ ತಗಡುಗಳು ಬಿಸಿಲನ್ನು ಹಿಡಿದು ಪಾತ್ರೆಯ ತಳಕ್ಕೆ ಹಾಯಿಸುತ್ತವೆ. ನೀರು ಕುದಿಯುವುದು, ಜೋಳದ ಗಂಜಿ ಬೇಯುವುದು ಎಲ್ಲ ಅದರಲ್ಲೇ. ಮಧ್ಯಾಹ್ನ ಯಾರೂ ಹೊರಗೆ ತಲೆ ಹಾಕುವುದಿಲ್ಲ. ಸಂಜೆ ಬಂಡೆ ಆರಿದ ಮೇಲೆ ಹೆಂಗಸರು ಹೊರಗೆ ಕೂತು ಹರಟುತ್ತಾರೆ, ನಾನು ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಡಬ್ಬಿಗಳನ್ನು ಎತ್ತಿಕೊಂಡು ಬರುತ್ತೇನೆ. ಡಬ್ಬಿಯಲ್ಲಿ ಏನಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸ, ಈಗ ಸಾಕಾಗಿಹೋಗಿದೆ.

ನಮ್ಮ ಹೊಂಡದ ಶತ್ರುವಿಗೆ ನಾವಿಟ್ಟಿರುವ ಹೆಸರು ಚಿಪ್ಪುಹುಳ. ನಿಮ್ಮ ವೈದ್ಯರು ಜಿಯಾರ್ಡಿಯಾ ಎನ್ನುತ್ತಿದ್ದುದು ಇದನ್ನೇ. ಕಣ್ಣಿಗೆ ಕಾಣದ ಜೀವಿ. ಒಬ್ಬರ ಮಲದಿಂದ ನೀರಿಗೆ, ನೀರಿನಿಂದ ಇನ್ನೊಬ್ಬರ ಕರುಳಿಗೆ ಹೋಗುತ್ತದೆ. ನೀರಿನಲ್ಲಿರುವಾಗ ಒಂದು ಚಿಪ್ಪು ಹೊದ್ದು ಮಲಗಿರುತ್ತದೆ. ನಾವು ಹಾಕುವ ಮದ್ದು, ಅದೇ ನಿಮ್ಮ ಕ್ಲೋರಿನ್, ಆ ಚಿಪ್ಪಿಗೆ ಸುಲಭಕ್ಕೆ ತಾಗುವುದಿಲ್ಲ. ನೀರು ಘಾಟು ಹೊಡೆದರೆ ಶುದ್ಧವಾಗಿದೆ ಎಂದು ಜನ ನಂಬುತ್ತಾರೆ, ಹುಳ ಮಾತ್ರ ಒಳಗೆ ಆರಾಮವಾಗಿರುತ್ತದೆ. ಅದಕ್ಕೆ ಹೆದರಿಕೆ ಇರುವುದು ಕುದಿಯುವ ನೀರಿಗೆ. ಕೊತಕೊತ ಕುದಿಸಬೇಕು, ಮುಚ್ಚಿ ಆರಿಸಬೇಕು, ಪಾಯಿಖಾನೆಗೆ ಹೋಗಿ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಹಟ್ಟಿಯ ಮಕ್ಕಳು ನನ್ನನ್ನು ಕಂಡರೆ ನನ್ನ ಧಾಟಿಯಲ್ಲೇ ಅದನ್ನು ಹೇಳಿ ಓಡಿಹೋಗುತ್ತವೆ.

ಈಗ ಇಬ್ಬನಿಯ ವಿಷಯ. ನನ್ನ ತಂಗಿ ಚಂಪಾಳ ಮಗಳು, ನಾಲ್ಕು ವರ್ಷದ ಕೂಸು. ಇಬ್ಬನಿ ಬಿದ್ದದ್ದನ್ನು ನಮ್ಮಲ್ಲಿ ಯಾರೂ ನೋಡಿಲ್ಲ, ಹೆಸರು ಚೆನ್ನಾಗಿದೆ ಎಂದು ಇಟ್ಟರು. ಮುಂಬೇಸಿಗೆಯಲ್ಲಿ ಅವಳಿಗೆ ಭೇದಿ ಶುರುವಾಯಿತು. ಎರಡು ದಿನ ನೆಟ್ಟಗಿರುತ್ತಿದ್ದಳು, ಮತ್ತೆ ಶುರು. ಹೊಟ್ಟೆ ಉಬ್ಬರ, ಕೊಳೆತ ಮೊಟ್ಟೆಯ ವಾಸನೆಯ ತೇಗು, ಮಲ ಬಿಳಿಚಿಕೊಂಡು ಜಿಡ್ಡುಜಿಡ್ಡಾಗಿ ನೀರಿನ ಮೇಲೆ ತೇಲುತ್ತಿತ್ತು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ದೃಷ್ಟಿ ಆಗಿದೆ ಎಂದು ಪಕ್ಕದ ಮನೆಯವರು ಮೆಣಸಿನಕಾಯಿ ನಿವಾಳಿಸಿ ಹೋದರು. ನಾನು ಡಬ್ಬಿ ತಂದು ಸೂಕ್ಷ್ಮದರ್ಶಕದ ಕೆಳಗೆ ನೋಡಿದೆ, ಏನೂ ಕಾಣಲಿಲ್ಲ. ಈ ಹುಳ ದಿನಾ ಹೊರಗೆ ಬೀಳುವುದಿಲ್ಲ, ಒಂದು ದಿನದ ಡಬ್ಬಿ ನೋಡಿ ಇಲ್ಲ ಎಂದು ಹೇಳಿಬಿಡುವವರು ಕೂಸನ್ನು ಕೊಂದಂತೆಯೇ. ದಿನ ಬಿಟ್ಟು ದಿನ ನೋಡಿದೆ. ಮೂರನೆಯದರಲ್ಲಿ ಸಿಕ್ಕಿತು.

ನಿಮ್ಮ ಕಾಲವಾಗಿದ್ದರೆ ಮಾತ್ರೆ ಕೊಟ್ಟು ಮುಗಿಸುತ್ತಿದ್ದಿರಿ. ನಾಲಿಗೆಯ ಮೇಲೆ ತಗಡಿನ ರುಚಿ ಉಳಿಸುವ ಆ ಕಹಿ ಮಾತ್ರೆಗೆ ನಮ್ಮ ಹುಳ ಈಗ ಕ್ಯಾರೇ ಅನ್ನುವುದಿಲ್ಲ. ಉಳಿದಿರುವ ಮದ್ದು ಒಂದೇ, ಅದನ್ನು ಮಾಡುವುದು ಕಷ್ಟ, ಸಿಗುವುದು ಕಡಿಮೆ. ಆದ್ದರಿಂದ ಒಂದು ಮೈಗೆ ಒಂದು ಪಾಲು ಎಂಬುದು ಎಲ್ಲ ಊರುಗಳ ಒಪ್ಪಂದ. ಹುಟ್ಟಿದವರಿಗೆಲ್ಲ ಜೀವಮಾನದಲ್ಲಿ ಒಂದು ಸಲ, ಆಗಿನ ಮೈತೂಕಕ್ಕೆ ತಕ್ಕಷ್ಟು. ಬೇಕಾದರೆ ನಿಮ್ಮ ಪಾಲನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು, ಆಮೇಲೆ ನಿಮಗೆ ಸಿಗುವುದಿಲ್ಲ. ಇಬ್ಬನಿಗೆ ಅವಳ ಪಾಲು ಕೊಟ್ಟೆ. ಉಪ್ಪು ಸಕ್ಕರೆಯ ನೀರು ಕುಡಿಸಿದೆವು, ಹಾಲು ನಿಲ್ಲಿಸಿದೆವು, ಗಂಜಿ ಹಾಕಿದೆವು. ಕೂಸು ಎದ್ದು ಓಡಾಡಿತು. ನಾವಿಬ್ಬರು ಅಕ್ಕತಂಗಿಯರು ಬಾಗಿಲ ಹಿಂದೆ ನಿಂತು ಅತ್ತೆವು.

ಹಿಂಬೇಸಿಗೆ ಹುಟ್ಟುವಷ್ಟರಲ್ಲಿ ಮತ್ತೆ ಬಂತು. ಅದೇ ತೇಗು, ಅದೇ ಡಬ್ಬಿ. ಮದ್ದು ಸೋತಿತು ಎಂದು ಎಲ್ಲರೂ ಹೇಳಿದರು. ಮದ್ದು ಸೋತಿದ್ದರೆ ಹಟ್ಟಿಗೆ ಹಟ್ಟಿಯೇ ಮುಗಿದಂತೆ, ಅದಕ್ಕೇ ನನಗೆ ನಂಬಲು ಮನಸ್ಸಾಗಲಿಲ್ಲ. ಚಂಪಾಳನ್ನು ಬೈದೆ, ನೀರು ಕುದಿಸದೆ ಕೊಟ್ಟಿದ್ದೀಯ ಎಂದೆ. ಅವಳು ಕೂಸಿನ ತಲೆ ಮುಟ್ಟಿ ಆಣೆ ಮಾಡಿದಳು. ಕೊನೆಗೆ ಒಂದು ದಿನ ಬೆಳಗಿನಿಂದ ಅವರ ಮನೆಯಲ್ಲೇ ಕೂತೆ. ಚಂಪಾ ನೀರು ಕುದಿಸಿದಳು, ಕಣ್ಣಾರೆ ನೋಡಿದೆ. ಮುಚ್ಚಿಟ್ಟು ನೂಲಿನ ಕೆಲಸಕ್ಕೆ ಹೋದಳು. ಈ ಬಿಸಿಲಿನಲ್ಲಿ ಮುಚ್ಚಿಟ್ಟ ನೀರು ಆರುವುದು ಯಾವಾಗ? ಕೂಸು ನೀರು ನೀರು ಎಂದು ಅಳತೊಡಗಿತು. ಚಂಪಾಳ ಅತ್ತೆ ಬೋರಮ್ಮ ಎದ್ದು ಲೋಟಕ್ಕೆ ಅರ್ಧ ಬಿಸಿನೀರು ಬಗ್ಗಿಸಿ, ಮೂಲೆಯ ಮಡಕೆಯಿಂದ ಅರ್ಧ ತಣ್ಣೀರು ಬೆರೆಸಿ, ತಾನೊಂದು ಗುಟುಕು ಕುಡಿದು ನೋಡಿ, ಕೂಸಿನ ಬಾಯಿಗೆ ಹಿಡಿದಳು.

ಮಡಕೆಯಲ್ಲಿದ್ದದ್ದು ಹೊಂಡದ ಹಸಿ ನೀರು. ಲೋಟ ಕಿತ್ತುಕೊಂಡೆ. ಬೋರಮ್ಮ ಗಾಬರಿಯಾಗಿ ನನ್ನ ಮುಖ ನೋಡಿದಳು.

"ಸುಡೋ ನೀರ್ನ ಕೂಸು ಹೆಂಗವ್ವ ಕುಡಿತೈತಿ? ಹದ ಮಾಡಿ ಕೊಟ್ಟೆ."

ಹದ. ರೊಟ್ಟಿಯ ಹಿಟ್ಟಿಗೆ ಹದ, ಬಿತ್ತುವ ಮಣ್ಣಿಗೆ ಹದ, ಬಾಣಂತಿಯ ಸ್ನಾನದ ನೀರಿಗೆ ಹದ. ಈ ಮಾತಿನಲ್ಲಿ ತಪ್ಪು ಹುಡುಕಬೇಕೆಂದು ಯಾರಿಗೆ ತಾನೆ ತೋಚೀತು? ಕುದಿಸಿ ಎಂದು ಊರಿಗೆಲ್ಲ ಸಾರಿದ್ದೆವು, ಊರೆಲ್ಲ ಕುದಿಸುತ್ತಿತ್ತು. ಬೆರೆಸಬೇಡಿ ಎಂದು ಯಾರೂ ಹೇಳಿರಲಿಲ್ಲ. ಆಮೇಲೆ ಮನೆಮನೆ ತಿರುಗಿ ಕೇಳಿದರೆ ಅರ್ಧ ಹಟ್ಟಿ ಹಾಗೆಯೇ ಮಾಡುತ್ತಿತ್ತು. ಹೊಂಡದ ನೀರಿಗೂ ಮದ್ದು ಹಾಕಿರುತ್ತಾರಲ್ಲ ಎಂಬುದು ಎಲ್ಲರ ಉತ್ತರ. ಯಾರ ಮೇಲೆ ಸಿಟ್ಟು ಮಾಡಲಿ? ನನಗೆ ಸಿಟ್ಟು ಮಾಡುವ ಶಕ್ತಿಯೂ ಉಳಿದಿರಲಿಲ್ಲ.

ಮದ್ದು ಸೋತಿಲ್ಲ ಎಂದು ತಿಳಿಯಿತು, ಅದೊಂದು ಸಮಾಧಾನ. ಆದರೆ ಇಬ್ಬನಿಯ ಪಾಲು ಮುಗಿದಿತ್ತು. ನನ್ನದು ನಾನು ಹುಡುಗಿಯಾಗಿದ್ದಾಗಲೇ ಮುಗಿದಿದೆ, ಚಂಪಾಳದು ಬಸುರಿಗೆ ಮುಂಚೆ, ಅವಳ ಗಂಡನದೂ ಹಾಗೆಯೇ. ಆ ಮನೆಯಲ್ಲಿ ಪಾಲು ಉಳಿದಿದ್ದದ್ದು ಬೋರಮ್ಮನಿಗೆ ಮಾತ್ರ. ಕಲ್ಲು ತಿಂದರೂ ಅರಗಿಸಿಕೊಳ್ಳುತ್ತೇನೆ ಎಂದು ಅರವತ್ತೆಂಟು ವರ್ಷ ಜಂಬ ಕೊಚ್ಚಿಕೊಂಡು ಬಂದವಳು. ಅವಳ ಡಬ್ಬಿಯನ್ನೂ ತರಿಸಿ ನೋಡಿದೆ. ಪ್ರತಿ ಲೋಟದಿಂದ ಒಂದು ಗುಟುಕು ಕುಡಿದವಳಲ್ಲವೇ, ಚಿಪ್ಪುಹುಳ ಅವಳಲ್ಲೂ ತುಂಬಿತ್ತು. ಸೀರೆ ಸಡಿಲವಾದದ್ದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿದ್ದಳು. ಗಟ್ಟಿ ಮೈಯವರು ಕೆಲವರು ಮದ್ದಿಲ್ಲದೆಯೂ ಗೆಲ್ಲುತ್ತಾರೆ, ಈ ವಯಸ್ಸಿನಲ್ಲಿ ಈ ಗಂಜಿಯ ಮೇಲೆ ಅದು ಕಷ್ಟ ಎಂದು ಅವಳಿಗೆ ಬಿಡಿಸಿ ಹೇಳಿದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ. ಅವಳು ಕೂಸಿನ ಕೂದಲು ಬಾಚುತ್ತಿದ್ದಳು, ಬಾಚಣಿಗೆ ನಿಲ್ಲಿಸಲಿಲ್ಲ.

"ನನ್ ಪಾಲೈತಲ್ಲ, ಅದನ್ನ ಇದಕ್ಕೆ ಹಾಕು. ಮತ್ತೆ ಮತ್ತೆ ಕೇಳಬ್ಯಾಡ."

ಕೊಟ್ಟೆ. ಅದು ದೊಡ್ಡವರ ಅಳತೆಯ ಪಾಲು, ಕೂಸಿನ ತೂಕಕ್ಕೆ ತಕ್ಕಷ್ಟು ಕೊಟ್ಟ ಮೇಲೆ ಅರ್ಧ ಉಳಿಯಿತು. ಚಂಪಾ ನನ್ನ ಕೈ ಹಿಡಿದುಕೊಂಡಳು, ಉಳಿದದ್ದನ್ನು ಅತ್ತೆಗಾದರೂ ಕೊಡಕ್ಕಾ ಎಂದು ಬೇಡಿಕೊಂಡಳು. ಅರ್ಧ ಕೊಟ್ಟರೆ ಹುಳ ಸಾಯುವುದಿಲ್ಲ, ಮದ್ದನ್ನು ಗೆಲ್ಲುವುದನ್ನು ಕಲಿಯುತ್ತದೆ. ಹಳೆಯ ಮಾತ್ರೆ ಹಾಳಾದದ್ದೇ ಹೀಗೆ. ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಉಗ್ರಾಣಕ್ಕೆ ಒಪ್ಪಿಸಿದೆ, ಅದು ಇನ್ನೊಂದು ಕೂಸಿನ ಪಾಲಿಗೆ ಸೇರುತ್ತದೆ. ಅವತ್ತಿನಿಂದ ತಂಗಿ ನನ್ನ ಜೊತೆ ಮಾತಾಡಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಮಾತಾಡುತ್ತಿರಲಿಲ್ಲ.

ಇಬ್ಬನಿ ಈಗ ಚೆನ್ನಾಗಿದ್ದಾಳೆ, ಕೆನ್ನೆ ತುಂಬಿಕೊಂಡಿದೆ. ನೀರನ್ನು ಮುಂಚಿನ ದಿನವೇ ಕುದಿಸಿ ಆರಿಸಿಡುತ್ತಾರೆ, ಮೂಲೆಯ ಮಡಕೆಯನ್ನು ಬೋರಮ್ಮನೇ ಒಡೆದು ಹಾಕಿದಳು. ತನ್ನ ಕೈಯಿಂದ ಕೂಸಿಗೆ ಅಂಟಬಾರದೆಂದು ಈಗ ಅವಳು ಕೂಸಿಗೆ ಉಣ್ಣಿಸುವುದಿಲ್ಲ. ಹೊರಗಿನ ಜಗಲಿಯಲ್ಲಿ ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡು ಕೂತಿರುತ್ತಾಳೆ. ಇವತ್ತು ಡಬ್ಬಿ ತರಲು ಹೋದಾಗ ಗೋಡೆ ಹಿಡಿದುಕೊಂಡು ಎದ್ದಳು. ತೋಳು ಹಿಡಿದು ನಿಲ್ಲಿಸಿದೆ, ಕೈಗೆ ಬರೀ ಮೂಳೆ ಸಿಕ್ಕಿತು.

ನಿಮ್ಮನ್ನು ಬೈಯಲು ಕೂತಿಲ್ಲ. ನಿಮ್ಮ ಅಂಗಡಿಗಳಲ್ಲಿ ಆ ಕಹಿ ಮಾತ್ರೆ ಕೇಳಿದಷ್ಟು ಸಿಗುತ್ತಿತ್ತಂತೆ. ಹೊಟ್ಟೆ ಗುಡುಗುಡು ಎಂದರೆ ಎರಡು ನುಂಗಿ, ನಿಂತ ಕೂಡಲೇ ಉಳಿದದ್ದನ್ನು ಕಪಾಟಿನಲ್ಲಿ ಎಸೆಯುತ್ತಿದ್ದಿರಂತೆ. ಮೂರೇ ಮೂರು ಕೇಳುತ್ತೇನೆ. ಏನು ಕಾಯಿಲೆ ಎಂದು ಪರೀಕ್ಷೆ ಮಾಡಿಸದೆ ನುಂಗಬೇಡಿ. ವೈದ್ಯರು ನುಂಗಿ ಎಂದರೆ ಅವರು ಹೇಳಿದಷ್ಟನ್ನೂ ನುಂಗಿ ಮುಗಿಸಿ. ಕುದಿಸಿದ ನೀರಿಗೆ ಹಸಿ ನೀರು ಬೆರೆಸಬೇಡಿ. ಆ ಹಳೆಯ ಮಾತ್ರೆ ನಮ್ಮ ಕಾಲಕ್ಕೂ ಕೆಲಸ ಮಾಡಿದರೆ ಬೋರಮ್ಮ ಉಳಿಯುತ್ತಾಳೆ. ನಿಮ್ಮ ಲೆಕ್ಕದಲ್ಲಿ ಅವಳು ಹುಟ್ಟುವುದಕ್ಕೆ ಇನ್ನೂ ನೂರು ವರ್ಷಕ್ಕೂ ಮೇಲಿದೆ, ನಿಮಗೆ ಬೇಕಾದಷ್ಟು ಸಮಯವಿದೆ. ಅವಳಿಗೆ ಇಲ್ಲ.

ಇಂತಿ,
ದುರುಗಮ್ಮ