‘ಹೂಂ’ ಅಂದರೆ ಒಪ್ಪಿಗೆಯಲ್ಲ

ಹಣಕಾಸು ಮಾರುಕಟ್ಟೆಯ ಕಾವಲಿಗೆ ಕುಳಿತಿರುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಕಡೆ ಮಾತು ಕೇಳಿಸಿಕೊಳ್ಳುವವರು ‘ಹೂಂ’ ಅನ್ನುತ್ತಾರೆ. ನಿಮ್ಮ ಕಚೇರಿ ಅದನ್ನು ‘ಒಪ್ಪಿದ್ದೇನೆ’ ಎಂದು ಬರೆದುಕೊಂಡು ರಾಮದುರ್ಗದ ಒಬ್ಬ ವಿಧವೆಯ ದೂರನ್ನು ಮುಚ್ಚಿಹಾಕಿದೆ. ಅಷ್ಟು ಸಾಲದೆಂಬಂತೆ, ಇನ್ನು ಮುಂದೆ ಫೋನಿನಲ್ಲಿ ಗ್ರಾಹಕರು ಹೂಂ ಅಂದರೆ ಅದೇ ಸಹಿ ಎಂಬ ಕರಡು ನಿಯಮವನ್ನೂ ಹೊರಡಿಸಿದೆ. ಖಾಸಗಿಯಾಗಿ ಬರೆದ ಪತ್ರಗಳಿಗೆಲ್ಲ ನೀವು ಸ್ವೀಕೃತಿ ಸಂಖ್ಯೆಯೊಂದನ್ನು ಕಳಿಸಿ ಕೈತೊಳೆದುಕೊಂಡಿದ್ದೀರಿ. ಹಾಗಾಗಿ ಈ ಪತ್ರವನ್ನು ಊರವರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಸವದತ್ತಿಯಲ್ಲಿ ಕಾಲೇಜು ಹುಡುಗರಿಗೆ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ರಾಮದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕಾರು ಮಂದಿ ಸೇರಿ ನಿಮ್ಮ ಸುತ್ತೋಲೆಗಳನ್ನು ಓದುತ್ತೇವೆ, ಕನ್ನಡದಲ್ಲಿ ಅರ್ಥ ಬಿಡಿಸುತ್ತೇವೆ, ತಪ್ಪು ಕಂಡರೆ ನಿಮಗೆ ಬರೆಯುತ್ತೇವೆ. ಇದನ್ನು ಸ್ವತಂತ್ರ ಅಧ್ಯಯನ ಎಂದು ಕರೆದುಕೊಂಡಿದ್ದೇವೆ. ನಿಮ್ಮ ಕಚೇರಿಗೆ ಆ ಹೆಸರು ಕೇಳಿಯೇ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಂತಿದೆ. ನಿಮ್ಮ ಸಂಸ್ಥೆ ಎಲ್ಲಿ ನೋಂದಣಿಯಾಗಿದೆ, ನಿಮಗೆ ಹಣ ಕೊಡುವವರು ಯಾರು ಎಂದು ಕೇಳಿದ್ದೀರಿ. ಯಾರೂ ಇಲ್ಲ, ಸ್ವಾಮಿ. ಚಹಾ ನಮ್ಮ ಮನೆಯದು, ಬಸ್ ಚಾರ್ಜು ಅವರವರದು. ಈ ಕರಡನ್ನು ಬರೆದುಕೊಟ್ಟ ಸಲಹಾ ಸಮಿತಿಯಲ್ಲಿ ದಲ್ಲಾಳಿ ಕಂಪನಿಗಳವರೇ ತುಂಬಿಕೊಂಡಿದ್ದಾರಲ್ಲ, ಅವರಿಗೆ ಹಣ ಕೊಡುವವರು ಯಾರು ಎಂದು ಎಂದಾದರೂ ಕೇಳಿದ್ದೀರಾ?

ಈಗ ಆ ವಿಧವೆ, ಭಾಗೀರಥಿಬಾಯಿಯವರ ವಿಷಯ. ನಮ್ಮ ಓಣಿಯವರೇ. ಅವರ ಯಜಮಾನರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದಾಗ ಒಂದೊಂದಾಗಿ ಷೇರು ಕೊಂಡಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಷೇರುಗಳೆಲ್ಲ ಬಾಯಿಯವರ ಹೆಸರಿಗೆ ಬಂದವು. ಒಂದು ಮಧ್ಯಾಹ್ನ ದಲ್ಲಾಳಿ ಕಂಪನಿಯ ಹುಡುಗನೊಬ್ಬ ಫೋನು ಮಾಡಿದ. ಷೇರುಗಳನ್ನು ಒತ್ತೆಯಿಟ್ಟು ಆಪ್ಷನ್ ಎಂಬ, ಬೆಲೆಯ ಏರಿಳಿತದ ಮೇಲೆ ಪಣ ಕಟ್ಟುವ ವ್ಯವಹಾರ ಮಾಡುತ್ತೇವೆ, ಅಪಾಯವೆಲ್ಲ ನಿಮಗೆ ತಿಳಿದಿದೆ, ನಿಮ್ಮ ಪರವಾಗಿ ನಾವೇ ನಿರ್ಧರಿಸುತ್ತೇವೆ ಎಂದು ಒಂದೇ ಉಸಿರಿನಲ್ಲಿ ಓದಿಕೊಂಡು ಹೋದ. ಬಾಯಿಯವರು ನಡುನಡುವೆ ಹೂಂ ಅಂದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಆ ವ್ಯವಹಾರದ ನಷ್ಟಕ್ಕೆ ಒತ್ತೆಯ ಷೇರುಗಳೆಲ್ಲ ಮಾರಿಹೋಗಿದ್ದವು.

ಆ ಕರೆಯ ಧ್ವನಿಮುದ್ರಣವನ್ನು ಕಂಪನಿಯಿಂದ ಕೇಳಿ ಪಡೆದು ನಮ್ಮ ಪಡಸಾಲೆಯಲ್ಲಿ ಹಾಕಿ ಕೇಳಿದೆವು. ಹುಡುಗನ ಓದು ಮುಗಿದ ಮೇಲೆ ಬಾಯಿಯವರ ದನಿ ಸ್ಪಷ್ಟವಾಗಿದೆ: “ತಮ್ಮಾ, ನೀ ಹೇಳೂದೆಲ್ಲಾ ಕೇಳಿದೆ. ನಮ್ಮ ಸಂಜೀವ ಬರ್ಲಿ, ಅವನ್ನ ಕೇಳಿ ಹೇಳತೇನಿ. ಅಲ್ಲೀತನಾ ಏನೂ ಮಾಡಬ್ಯಾಡ. ಒಲಿ ಮ್ಯಾಲ ಹಾಲದ, ಫೋನ್ ಇಡ್ಲೇನು?” ಸಂಜೀವ ಅವರ ಮಗ, ಬೈಲಹೊಂಗಲದಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಇದಕ್ಕಿಂತ ಬಿಡಿಸಿ ‘ಬೇಡ’ ಎಂದು ಹೇಳುವುದು ಹೇಗೆ, ನೀವೇ ಹೇಳಿ.

ಇನ್ನು ನಿಮ್ಮ ಕಡತದಲ್ಲಿರುವ, ಅದೇ ಮಾತುಕತೆಯ ಇಂಗ್ಲಿಷ್ ಪ್ರತಿಯನ್ನು ನೋಡಿ. ಅಲ್ಲಿ ಪ್ರತಿಯೊಂದು ಹೂಂ ‘ಯೆಸ್’ ಆಗಿದೆ. ‘ಏನೂ ಮಾಡಬ್ಯಾಡ’ ಎಂಬ ಮಾತಿನ ಜಾಗದಲ್ಲಿ ‘ಅಸ್ಪಷ್ಟ, ಪ್ರಾದೇಶಿಕ ಭಾಷೆ’ ಎಂದಿದೆ! ಆಹಾ, ಎಂಥ ಕಿವಿ! ಮುದುಕಿಯ ಗಂಟಲಿನ ಸಣ್ಣ ಹೂಂ ನಿಮಗೆ ಥಟ್ಟನೆ ತಿಳಿಯಿತು. ಆಕೆ ಬಾಯಿಬಿಟ್ಟು ಆಡಿದ ಇಡೀ ವಾಕ್ಯ ತಿಳಿಯಲಿಲ್ಲ. ಅದನ್ನು ಓದಿದ ದಿನ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಇದು ಒಬ್ಬರ ಪಾಡಾಗಿದ್ದರೆ ಕಚೇರಿಯ ಕಣ್ತಪ್ಪು ಅನ್ನಬಹುದಿತ್ತು. ನಾವು ಕಟಕೋಳ, ನೇಸರಗಿ, ಕಿತ್ತೂರುಗಳಿಗೆ ಹೋಗಿ ಇಂಥ ಕರೆ ಬಂದವರನ್ನು ಹುಡುಕಿ ಅವರವರ ಧ್ವನಿಮುದ್ರಣಗಳನ್ನು ಕೇಳಿದೆವು. ಎಲ್ಲರೂ ಕೇಳುವಾಗ ಹೂಂ ಅಂದಿದ್ದಾರೆ, ಒಪ್ಪುವಾಗ ಬೇರೆ ಮಾತು ಆಡಿದ್ದಾರೆ. ನೇಸರಗಿಯ ಕಿರಾಣಿ ವ್ಯಾಪಾರಿ ಅಂದಾನೆಪ್ಪನವರನ್ನು ಯಾಕೆ ಹೂಂ ಅಂದಿರಿ ಎಂದು ಕೇಳಿದರೆ ನನ್ನನ್ನೇ ದಬಾಯಿಸಿದರು: “ಅಲ್ರೀ ಬಾಯಾರ, ಮನಷ್ಯಾ ಮಾತಾಡಾಕ ಹತ್ಯಾನಂದ್ರ ಹೂಂ ಅನ್ನಬೇಕೋ ಬ್ಯಾಡೋ? ಗ್ವಾಡಿ ಹಂಗ ಸುಮ್ನ ಕುಂದ್ರಲೇನು? ಕನ್ಯಾ ನೋಡಾಕ ಹ್ವಾದಾಗ ಹುಡುಗಿ ಅಪ್ಪ ನೂರು ಸಲ ಹೂಂ ಅಂತಾನ. ಅಷ್ಟಕ್ಕ ಸಕ್ಕರಿ ಹಂಚತೀರೇನು? ‘ಆತು, ಮಾಡೂಣು’ ಅನ್ನೂತನಾ ಕಾಯತೀರಿಲ್ಲೋ?”

ಈ ಸಾಮಾನ್ಯ ತಿಳಿವಳಿಕೆಯನ್ನೇ ನಾವು ವರದಿಯಾಗಿ ಬರೆದು, ಕರಡಿಗೆ ಆಕ್ಷೇಪವೆಂದು ಕಳಿಸಿದ್ದು. ಒಪ್ಪಿಗೆ ಬೇಕಾದರೆ ಪ್ರಶ್ನೆಯನ್ನು ಬಿಡಿಯಾಗಿ ಕೇಳಿ, ‘ಮಾಡ್ರಿ’ ಅಥವಾ ‘ಬ್ಯಾಡ್ರಿ’ ಎಂಬ ಉತ್ತರ ಬರುವವರೆಗೆ ಕಾಯಿರಿ ಎಂದಷ್ಟೇ ಕೇಳಿಕೊಂಡೆವು. ನಿಮ್ಮ ಉತ್ತರ ಒಂದೇ ಸಾಲು: ‘ಮಾನ್ಯತೆ ಪಡೆದ ಸಂಸ್ಥೆಯ ಅಧ್ಯಯನವಲ್ಲವಾದರೂ ಗಮನಿಸಲಾಗಿದೆ.’ ಗಮನಿಸಲಾಗಿದೆ ಅಂದರೇನು? ಒಪ್ಪಿದಿರೋ, ಬಿಟ್ಟಿರೋ? ನಿಮ್ಮದೇ ನಿಯಮದ ಪ್ರಕಾರ ಅದನ್ನು ನಾವು ಒಪ್ಪಿಗೆ ಎಂದು ಬರೆದುಕೊಂಡರೆ ಸುಮ್ಮನಿರುತ್ತೀರಾ?

ಷೇರು ಹೋದದ್ದು ದೊಡ್ಡ ನಷ್ಟವೇ, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮ ತೀರ್ಪಿನ ಪತ್ರ ಮನೆಗೆ ಬಂದ ಮೇಲೆ ಆ ಮನೆಯಲ್ಲಿ ಆದದ್ದು ನಿಮಗೆ ತಿಳಿದಿರಲಿ. ‘ಗ್ರಾಹಕರು ಎಲ್ಲ ಹಂತಗಳಲ್ಲೂ ತಿಳಿದೇ ಸಮ್ಮತಿಸಿದ್ದಾರೆ’ ಎಂಬ ಸಾಲನ್ನು ಸಂಜೀವ ಓದಿದ. ಸರಕಾರದವರು ಸುಳ್ಳು ಬರೆಯುತ್ತಾರೆಯೇ ಎಂಬುದು ಅವನ ವಾದ. ಅಪ್ಪ ಕೂಡಿಟ್ಟದ್ದನ್ನು ಅವ್ವ ಯಾರನ್ನೂ ಕೇಳದೆ ಜೂಜಿಗೆ ಹಚ್ಚಿದಳು ಎಂದು ಅವನು ನಂಬಿಬಿಟ್ಟಿದ್ದಾನೆ. ಧ್ವನಿಮುದ್ರಣ ಕೇಳು ಎಂದು ನಾನೇ ಅಂಗಡಿಗೆ ಹೋಗಿ ಹೇಳಿದೆ. “ನೀವು ಆಕಿ ಓಣ್ಯಾವ್ರು, ಆಕಿ ಕಡೀನ ಮಾತಾಡತೀರಿ. ಸಿಕ್ಕಾ ಹೊಡದ ಕಾಗದ ಅದ ನನ್ನ ಹತ್ರ,” ಎಂದು ನಿಮ್ಮ ಮುದ್ರೆಯಿದ್ದ ಪತ್ರ ತೋರಿಸಿದ. ಈ ವರ್ಷ ತಂದೆಯ ಶ್ರಾದ್ಧವನ್ನು ಅವನು ರಾಮದುರ್ಗಕ್ಕೆ ಬಾರದೆ ಬೈಲಹೊಂಗಲದಲ್ಲೇ ಮುಗಿಸಿದ. ತಾಯಿಗೆ ಹೇಳಿ ಕಳಿಸಲೂ ಇಲ್ಲ.

ಹೋದ ವಾರ ಮೇಲ್ಮನವಿಗೆ ಸಹಿ ಹಾಕಿಸಿಕೊಳ್ಳಲು ಹೋಗಿದ್ದೆ. ಪರಿಹಾರ ಎಷ್ಟು ಕೇಳೋಣ ಎಂದೆ. ಬಾಯಿಯವರು ಹೇಳಿದರು: “ರೊಕ್ಕ ಹೋಗ್ಲಿ ಅನ್ನಪೂರ್ಣಾ. ನಾ ಬ್ಯಾಡ ಅಂದಿದ್ದೆ ಅಂತ ಅವರ ಕಡೆಯಿಂದ ಒಂದು ಕಾಗದ ಬರಸಕೊಂಡು ಬಾ. ಅದಕ್ಕೂ ಸಿಕ್ಕಾ ಇರ್ಲಿ. ನನ್ನ ಮಾತು ಅಂವಾ ನಂಬೂದಿಲ್ಲ, ಸಿಕ್ಕಾ ನಂಬತಾನ.”

ಆದ್ದರಿಂದ ನಮ್ಮ ಬೇಡಿಕೆ ಇದು. ಕರಡನ್ನು ಹಿಂದಕ್ಕೆ ಪಡೆಯಿರಿ. ಅದಕ್ಕೆ ಸಮಿತಿ, ಉಪಸಮಿತಿ ಎಂದು ನಿಮಗೆ ಕಾಲಾವಕಾಶ ಬೇಕಾಗುತ್ತದೆ, ತೆಗೆದುಕೊಳ್ಳಿ. ಆದರೆ ಭಾಗೀರಥಿಬಾಯಿಯವರ ಕಡತದಲ್ಲಿ ನೀವು ಬರೆದ ಆ ಒಂದು ಸಾಲಿಗೆ ಯಾವ ಸಮಿತಿಯೂ ಬೇಡ. ಕನ್ನಡ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಧ್ವನಿಮುದ್ರಣ ಕೇಳಿ, ಆ ಸಾಲನ್ನು ಹೊಡೆದುಹಾಕಿ, ‘ಈಕೆ ಬೇಡ ಅಂದಿದ್ದರು’ ಎಂದು ಬರೆದು ಮುದ್ರೆ ಒತ್ತಿ ಕಳಿಸಿ. ವಿಳಾಸ ರಾಮದುರ್ಗದ್ದು ಬೇಡ. ಬೈಲಹೊಂಗಲದ ಔಷಧಿ ಅಂಗಡಿಗೆ, ಅವರ ಮಗನ ಹೆಸರಿಗೆ ಕಳಿಸಿ.

ಇಂತಿ,
ನಿಮ್ಮಿಂದ ಉತ್ತರ ಬಂದೀತು ಎಂದು ಇನ್ನೂ ನಂಬುವಷ್ಟು ದಡ್ಡಳಾದ
ಅನ್ನಪೂರ್ಣಾ
ರಾಮದುರ್ಗ